ಅತ್ತೆ ಮಾಡಿಕೊಟ್ಟ ಅಂಗಳ

ವಿಚ್ಛೇದನ ಮುಗಿದು, ಹಳೆಯ ಮನೆ ಮಾರಿಹೋಗಿ, ವಿಬೇಕೆ, ಸ್ವೆನ್‌ಬೋರ್ ಎಂಬ ಊರಿನ ಬಂದರಿನ ಹಿಂದಿನ ಬೀದಿಯ ಒಂದು ನೆಲಮಹಡಿ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಹತ್ತನೆಯ ದಿನ ಗುರುವಾರ. ಮಧ್ಯಾಹ್ನ ಎರಡೂವರೆಗೆ ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಅತ್ತೆ ನಿಂತಿದ್ದರು.

ಅತ್ತೆ ಎಂದರೆ ಗಂಡನ ತಾಯಿ. ಗಂಡನೇ ಇಲ್ಲವೆಂದಾದ ಮೇಲೆ ಅವರು ತನಗೆ ಏನಾಗಬೇಕೆಂದು ವಿಚ್ಛೇದನದ ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ವಿಬೇಕೆ ಎರಡು ಸಲ ಓದಿ ನೋಡಿದ್ದಳು.

"ದಾರಿ ಬಿಡು," ಎಂದು ಅತ್ತೆ ಒಳಗೆ ಬಂದರು. ಕೋಟು ಬಿಚ್ಚಲಿಲ್ಲ. ಅಡುಗೆಮನೆ ನೋಡಿದರು, ಮಲಗುವ ಕೋಣೆಯ ಬಾಗಿಲಿಗೆ ತಲೆಯಷ್ಟೇ ತೂರಿಸಿ ನೋಡಿದರು, ಆಮೇಲೆ ಹಿಂದಿನ ಗಾಜಿನ ಬಾಗಿಲು ಜರುಗಿಸಿ ಅಂಗಳಕ್ಕೆ ಇಳಿದು ಅಲ್ಲೇ ನಿಂತುಬಿಟ್ಟರು.

"ವಾಲ್‌ಬೋರ್," ಎಂದಳು ವಿಬೇಕೆ. ಇನ್ನು ಮುಂದೆ ಹೆಸರು ಹಿಡಿದು ಕರೆಯುವುದೇ ಸರಿಯೆಂದು ಅವಳು ಯೋಚಿಸಿಟ್ಟಿದ್ದಳು.

ಮುದುಕಿ ತಿರುಗಲಿಲ್ಲ.

"ವಾಲ್‌ಬೋರ್?"

ಬಂದರಿನ ಕಡೆಯಿಂದ ಒಂದು ಕಡಲಹಕ್ಕಿ ಕೂಗಿತು. ಮುದುಕಿ ಅದರ ಕಡೆಗೆ ಮಾತ್ರ ತಿರುಗಿದರು.

"ಅತ್ತೆ."

"ಏನು?"

"ಕಾಫಿ ಮಾಡ್ಲಾ?"

"ಮಾಡು. ಎಲ್ಲಿ ಕೂತು ಕುಡಿಯೋದು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅಂಗಳ ಅಂದರೆ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ. ನೆಲಕ್ಕೆ ಬೂದು ಬಣ್ಣದ ಕಾಂಕ್ರೀಟ್ ಚಪ್ಪಡಿ. ಒಂದು ಪಕ್ಕ ಇಟ್ಟಿಗೆ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ, ಎದುರಿಗೆ ಸೈಕಲ್ ನಿಲ್ಲಿಸುವ ಶೆಡ್ಡು ಮತ್ತು ಐದು ಕಸದ ಡಬ್ಬಿ. ನಟ್ಟನಡುವೆ ವಿಬೇಕೆ ಎರಡು ಕಬ್ಬಿಣದ ಮಡಚುಕುರ್ಚಿ ಹಾಕಿದ್ದಳು. ಹಿಂದಿನ ಶನಿವಾರ ಅವುಗಳಲ್ಲೊಂದರ ಮೇಲೆ ಕೂತು ಏಪ್ರಿಲ್ ತಿಂಗಳ ಬಿಸಿಲು ಅನುಭವಿಸಲು ನೋಡಿದ್ದಳು. ಹನ್ನೊಂದು ನಿಮಿಷ ಕೂತಿದ್ದಳು. ಬೆನ್ನಿಗೆ ಸಮುದ್ರದ ಗಾಳಿ, ಕಣ್ಣಿಗೆ ಕಸದ ಡಬ್ಬಿ, ಮೇಲಿನ ಮೂರು ಮಹಡಿಗಳ ಕಿಟಕಿಗಳಿಂದ ಯಾರೋ ನೋಡುತ್ತಿದ್ದಾರೆಂಬ ಕಸಿವಿಸಿ. ಎದ್ದು ಒಳಗೆ ಹೋಗಿ ಬಟ್ಟೆ ಇಸ್ತ್ರಿ ಮಾಡಿದ್ದಳು.

ವಿಬೇಕೆಯ ಕೆಲಸ ಡ್ರೈವಿಂಗ್ ಪರೀಕ್ಷೆ ನಡೆಸುವುದು. ಇಪ್ಪತ್ತು ವರ್ಷದಿಂದ ಅವಳ ಪಕ್ಕದ ಸೀಟಿನಲ್ಲಿ ಕೂತವರೆಲ್ಲ ಬೆವರಿದವರೇ. ಖುಷಿಯಿಂದ ಬಂದು ಕೂತು, ಎದ್ದು ಹೋಗಲು ಮನಸ್ಸಿಲ್ಲದೆ ಇನ್ನೊಂದು ಲೋಟ ಕಾಫಿ ಕೇಳುವ ಜನ ತನ್ನ ಪಕ್ಕ ಇರಬೇಕೆಂದು ಅವಳಿಗೆ ಆಸೆಯಿತ್ತು. ಅದಕ್ಕೆಂದೇ ಎರಡು ಕುರ್ಚಿ ಕೊಂಡಿದ್ದಳು. ಉಫೆ, ಅಂದರೆ ಅವಳ ಗಂಡನಾಗಿದ್ದವನು, ಅಕ್ಟೋಬರಿನಲ್ಲಿ ಪೆರ್ನಿಲೆ ಎಂಬವಳ ಮನೆಗೆ ಹೋಗಿ ಸೇರಿಕೊಂಡಿದ್ದ. ಅಲ್ಲಿ ಹುಲ್ಲುಹಾಸು, ಸೇಬಿನ ಮರ, ಇಡೀ ಹಿತ್ತಿಲಿಗೆ ಮರದ ಹಲಗೆಯ ಕಟ್ಟೆ ಇದೆಯೆಂದು ಕೇಳಿದ್ದಳು.

ವಾಲ್‌ಬೋರ್ ಕೋಟಿನ ಜೇಬಿನಿಂದ ಮಡಚುವ ಮರದ ಅಳತೆಪಟ್ಟಿ ತೆಗೆದರು. ಎಪ್ಪತ್ತೆಂಟು ವರ್ಷದ ಹೆಂಗಸು, ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಆದರೂ ಬಗ್ಗಿದರು.

"ಮೂರು ನಾಲ್ಕಲಿ ಹನ್ನೆರಡು. ಒಳ್ಳೇ ಅಳತೆ. ನಾಲ್ಕು ಜನ ಆರಾಮಾಗಿ ಮಲಗಬಹುದು."

"ಮಲಗೋದಾ?"

"ಬಾಯಿ ಅಭ್ಯಾಸ. ಕೂರೋದಾದ್ರೆ ಮೂರು ಜನ."

ವಾಲ್‌ಬೋರ್ ನಲವತ್ತು ವರ್ಷ ಚರ್ಚಿನ ಸ್ಮಶಾನದಲ್ಲಿ ತೋಟಗಾರ್ತಿಯಾಗಿದ್ದರು. ಪ್ರತಿಯೊಂದು ಸಮಾಧಿಗೂ ಒಂದೊಂದು ಪುಟ್ಟ ತೋಟ, ಸುತ್ತ ಮೊಣಕಾಲೆತ್ತರದ ಬೇಲಿಗಿಡ, ಒಳಗೆ ಬಾಚಿ ಗೆರೆ ಎಳೆದ ಜಲ್ಲಿ. ಚಿಕ್ಕ ಜಾಗದ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನೂ ಇರಲಿಲ್ಲ. ತಮ್ಮ ಕೆಲಸದ ಬಗ್ಗೆ ಒಳಗಿದ್ದವರು ಒಬ್ಬರೂ ದೂರು ಹೇಳಿಲ್ಲ ಎಂದು ಅವರು ಆಗಾಗ ಹೇಳುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ಅವತ್ತು ಇಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಕಾಫಿ ಕುಡಿದರು. ಉಫೆಯ ಮಾತು ಬರಲಿಲ್ಲ. ವಿಚ್ಛೇದನದ ಮಾತೂ ಬರಲಿಲ್ಲ. ಬಾಗಿಲಲ್ಲಿ ಮಾತ್ರ ಅತ್ತೆ ಏನೋ ಹೇಳಲು ಬಾಯಿ ತೆರೆದು, ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಬಕೆಟ್ ಇದೆಯಾ?" ಎಂದರು.

"ಇದೆ."

"ಅದನ್ನ ಬೋರಲು ಹಾಕ್ಕೊಂಡು ಅಂಗಳದ ಒಂದೊಂದು ಮೂಲೇಲೂ ಕಾಲು ಗಂಟೆ ಕೂರು. ಬೆಳಿಗ್ಗೆ ಒಂದ್ಸಲ, ಕೆಲಸದಿಂದ ಬಂದ ಮೇಲೆ ಒಂದ್ಸಲ. ಎಲ್ಲಿ ಕೂತಾಗ ಏಳೋದು ಮರೆತುಹೋಗುತ್ತೋ ಬರೆದಿಡು. ಮುಂದಿನ ಗುರುವಾರ ಕೇಳ್ತೀನಿ."

ವಿಬೇಕೆ ನಿಯಮ ಪಾಲಿಸುವ ಹೆಂಗಸು. ಒಂದು ವಾರ ಬಕೆಟ್ಟಿನ ಮೇಲೆ ಕೂತಳು. ಮೂರನೆಯ ಮಹಡಿಯ ಮನುಷ್ಯ ಮೊದಲ ಎರಡು ದಿನ ನೋಡಿದ, ಮೂರನೆಯ ದಿನ ಇಳಿದು ಬಂದು, ಏನಾದರೂ ಸಹಾಯ ಬೇಕೇ ಎಂದು ಕೇಳಿದ. ಬೇಡ, ಇನ್ನು ಆರು ನಿಮಿಷವಿದೆ ಎಂದಳು.

ಗುರುವಾರ ಅತ್ತೆ ಬಂದಾಗ ಅವಳು ಚೀಟಿ ಕೊಟ್ಟಳು. ಇಟ್ಟಿಗೆ ಗೋಡೆಗೆ ಬೆನ್ನು ಕೊಟ್ಟು, ಮನೆ ಬಾಗಿಲು ಬಲಗಡೆ ಕಾಣುವಂತೆ ಕೂತಾಗ, ಸಂಜೆ, ಇಪ್ಪತ್ತೆರಡು ನಿಮಿಷ ಕೂತಿದ್ದಳು. ಏಳಲು ನಿಜವಾಗಿಯೂ ಮರೆತಿದ್ದಳು.

"ಮತ್ತೆ," ಎಂದರು ವಾಲ್‌ಬೋರ್. "ಮನುಷ್ಯರಿಗೆ ಬೆನ್ನ ಹಿಂದೆ ಯಾರೂ ಇರಬಾರದು, ಕಣ್ಣ ಮುಂದೆ ಯಾರಾದ್ರೂ ಬರೋ ದಾರಿ ಇರಬೇಕು. ನೀನು ಕುರ್ಚಿನ ನಡುಮಧ್ಯ ಇಟ್ಟಿದ್ದೆ. ನಡುಮಧ್ಯ ಯಾರೂ ಕೂರಲ್ಲ."

"ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟಿದ್ದು?"

"ವಿಧವೆಯರು. ಮಡಚೋ ಸ್ಟೂಲು ಹಿಡ್ಕೊಂಡು ಬರ್ತಿದ್ರಲ್ಲ, ಎಲ್ಲಿ ಹಾಕ್ಕೊಂಡು ಕೂರ್ತಾರೆ ಅಂತ ನಲವತ್ತು ವರ್ಷ ನೋಡಿದೀನಿ. ಕಲ್ಲಿನ ಎದುರಿಗೆ ಒಬ್ಬರೂ ಕೂರಲ್ಲ. ಬೇಲಿಗೆ ಬೆನ್ನು ಕೊಟ್ಟು ಪಕ್ಕದಲ್ಲಿ ಕೂರ್ತಾರೆ."

ಹೀಗೆ ಶುರುವಾಯಿತು. ಪ್ರತಿ ಗುರುವಾರ ಅತ್ತೆ ಎರಡೂವರೆಗೆ ಬರುವುದು, ಕೆಲಸ ಹೇಳುವುದು, ನಿಂತುಕೊಂಡು ಕಾಫಿ ಕುಡಿದು ಹೋಗುವುದು. ಅಂಗಳ ಸರಿಯಾಗುವವರೆಗೆ ಕೂರುವುದಿಲ್ಲ ಎಂದು ಅವರು ಹಟ ಹಿಡಿದಂತಿತ್ತು. ವಿಬೇಕೆ ಕಚೇರಿಗೆ ಹೇಳಿ ಗುರುವಾರ ಮಧ್ಯಾಹ್ನದ ಪರೀಕ್ಷೆಗಳನ್ನು ಬೇರೆಯವರಿಗೆ ಹಾಕಿಸಿದಳು.

ಮೊದಲು ಗೋಡೆಯ ಬುಡದ ಒಂದು ಸಾಲು ಚಪ್ಪಡಿ ಕಿತ್ತರು, ಶೆಡ್ಡಿನ ಕಡೆಯದು ಇನ್ನೊಂದು ಸಾಲು. ಕಿತ್ತರು ಅಂದರೆ ವಿಬೇಕೆ ಕಿತ್ತಳು, ವಾಲ್‌ಬೋರ್ ಎಲ್ಲಿ ಸನಿಕೆ ಹಾಕಬೇಕೆಂದು ಕಾಲಿನಿಂದ ತೋರಿಸಿದರು. ಚಪ್ಪಡಿಯ ಕೆಳಗೆ ಮರಳು, ಮರಳಿನ ಕೆಳಗೆ ಯಾರೋ ಹಿಂದೆ ಹೂತಿದ್ದ ಮುರಿದ ಕಮೋಡು. ಅದನ್ನು ಹೊರಗೆ ತೆಗೆಯಲು ಒಂದು ಇಡೀ ಗುರುವಾರ ಹೋಯಿತು. ವಿಬೇಕೆಯ ಎರಡು ಅಂಗೈಯಲ್ಲೂ ಬೊಬ್ಬೆ ಬಂದವು. ಮರುದಿನ ಪರೀಕ್ಷೆಗೆ ಬಂದ ಹುಡುಗಿ ಆ ಬ್ಯಾಂಡೇಜುಗಳನ್ನು ನೋಡಿ ಕಾರನ್ನು ಮೊದಲನೆಯ ಗೇರಿನಲ್ಲೇ ಊರ ಹೊರಗಿನವರೆಗೂ ಓಡಿಸಿದಳು.

ಆಮೇಲೆ ಗಾಳಿ. ವಿಬೇಕೆ ಎತ್ತರದ ಗಟ್ಟಿ ಬೇಲಿಯೊಂದನ್ನು ನೋಡಿಟ್ಟಿದ್ದಳು.

"ಬೇಡ. ಗಾಳಿಗೆ ಗೋಡೆ ಅಡ್ಡ ಹಾಕಿದ್ರೆ ಅದು ಹತ್ತಿ ಹಾರಿ ಬಂದು ನಿನ್ನ ಕತ್ತಿನ ಮೇಲೇ ಬೀಳುತ್ತೆ. ಎರಡು ಬೆರಳು ಸಂದಿ ಬಿಟ್ಟು ಹಲಗೆ ಹೊಡೆಸು. ಒಳಗೆ ಬರ್ಲಿ, ಸುಸ್ತಾಗಿ ಬರ್ಲಿ."

ಹಲಗೆಗೆ ಸುಗಂಧದ ಬಳ್ಳಿ ಹಬ್ಬಿಸಿದರು. ಗೋಡೆಯ ಬುಡಕ್ಕೆ, ಕೂತರೆ ಕೈಗೆ ಎಟಕುವ ದೂರದಲ್ಲಿ, ಲ್ಯಾವೆಂಡರ್ ಹಾಕಿದರು. ದೂರದಲ್ಲಿ ಹಾಕಿದರೆ ನೋಡುತ್ತಾರೆ, ಹತ್ತಿರ ಹಾಕಿದರೆ ಕಿವುಚಿ ಮೂಸುತ್ತಾರೆ, ಕೈಗೆ ಕೆಲಸ ಸಿಕ್ಕವರು ಬೇಗ ಏಳುವುದಿಲ್ಲ ಎಂಬುದು ಅತ್ತೆಯ ಲೆಕ್ಕ. ಶೆಡ್ಡಿನ ಕಡೆಗೆ ಸೊಂಟದೆತ್ತರದ ಬೇಲಿಗಿಡ ನೆಟ್ಟರು.

"ಇನ್ನೂ ಕಾಣುತ್ತಲ್ಲ ಅತ್ತೆ, ಕಸದ ಡಬ್ಬಿ."

"ಬಕೆಟ್ ಮೇಲೆ ಕೂತು ನೋಡು."

ಕೂತಳು. ಡಬ್ಬಿಗಳು ಮಾಯವಾಗಿದ್ದವು. ಎದ್ದಳು, ಐದೂ ಇದ್ದವು.

"ನಿಂತವರಿಗೋಸ್ಕರ ಮಾಡ್ತಿಲ್ಲ ಇದನ್ನ," ಎಂದರು ವಾಲ್‌ಬೋರ್.

ಜೂನ್ ಎರಡನೆಯ ಗುರುವಾರ ಅವರು ಒಬ್ಬರೇ ಬರಲಿಲ್ಲ. ಜೊತೆಗೆ ಎಗೋನ್ ಬಂದಿದ್ದ. ಸ್ಮಶಾನದಲ್ಲಿ ಅವರ ಕೈಕೆಳಗೆ ದುಡಿದು ಈಗ ತಾನೂ ನಿವೃತ್ತಿಯ ಅಂಚಿನಲ್ಲಿದ್ದ ದಪ್ಪ ಮನುಷ್ಯ. ಕಾರಿನ ಹಿಂದೆ ಕಟ್ಟಿದ ಗಾಡಿಯಲ್ಲಿ ಕಂಬಳಿ ಸುತ್ತಿದ ಒಂದು ಚಪ್ಪಟೆ ಕಲ್ಲು ಇತ್ತು. ಇಬ್ಬರೂ ಸೇರಿ ಇಟ್ಟಿಗೆಯ ಎರಡು ಮೋಟುಗಂಬ ಕಟ್ಟಿ ಅದರ ಮೇಲೆ ಕಲ್ಲನ್ನು ಮಲಗಿಸಿದರು. ಮೇಲ್ಮೈ ಒರಟು, ಬೂದು, ಒಂದು ಮೂಲೆಯಲ್ಲಿ ಪಾಚಿ. ಕೂತವರ ಮೊಣಕೈಗೆ ಸರಿಯಾದ ಎತ್ತರ.

"ಇದು ಅಲ್ಲಿಂದಾನಾ?" ವಿಬೇಕೆ ಕೇಳಿದಳು.

"ಬಾಡಿಗೆ ಗಡುವು ಮುಗಿದ ಸಮಾಧಿ ಜಾಗದ್ದು. ಬೇರೆಯವರಿಗೆ ಜಾಗ ಬಿಡಿಸ್ತಾರಲ್ಲ, ಆ ಕಲ್ಲುಗಳನ್ನ ಪುಡಿ ಮಾಡಿ ರಸ್ತೆಗೆ ಹಾಕ್ತಾರೆ. ಟೇಬಲ್ ಆಗ್ಲಿ ಅಂತ ತಂದೆ."

"ಹೆಸರು?"

"ಕೆಳಗಿದೆ. ಕೆಳಗೇ ಇರ್ಲಿ."

ಎಗೋನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮತ್ತೆ ಹಾಕಿಕೊಂಡು, ಕಾಫಿಯೂ ಬೇಡವೆಂದು ಹೊರಟುಹೋದ.

ಅವತ್ತು ಮೊದಲ ಬಾರಿಗೆ ವಾಲ್‌ಬೋರ್ ಕೂತರು. ಗೋಡೆಗೆ ಬೆನ್ನು ಕೊಟ್ಟು, ಕಲ್ಲಿನ ಪಕ್ಕದಲ್ಲಿ. ಎರಡು ಲೋಟ ಕಾಫಿ ಕುಡಿದರು. ಅಂಗೈಯನ್ನು ಕಲ್ಲಿನ ಮೇಲೆ ಅಗಲವಾಗಿ ಊರಿ ಇಟ್ಟುಕೊಂಡಿದ್ದರು. ವಿಬೇಕೆ ಅದನ್ನು ಗಮನಿಸಿದಳು. ತಲೆ ತಿರುಗಿಸದೆ ಪಕ್ಕದವರ ಕೈ ಗಮನಿಸುವುದು ಅವಳ ಕೆಲಸವೇ ಆಗಿತ್ತು.

ಅದಾದ ಮೂರನೆಯ ಗುರುವಾರ ವಿಬೇಕೆಯ ಕೈಯಿಂದ ಚಮಚ ಜಾರಿ ಕಲ್ಲಿನ ಕೆಳಗೆ ಉರುಳಿತು. ಅವಳು ಮಂಡಿಯೂರಿ ತಲೆ ತೂರಿಸಿದಳು. ಚಮಚ ಹಿಂದಿನ ಇಟ್ಟಿಗೆಯವರೆಗೆ ಹೋಗಿತ್ತು. ತೆಗೆದುಕೊಂಡು ಹೊರಬರುವಾಗ ತಲೆ ಕಲ್ಲಿಗೆ ತಾಗಿ, ಮೇಲೆ ನೋಡಿದಳು. ಮೂಗಿನಿಂದ ಒಂದು ಗೇಣು ದೂರದಲ್ಲಿ ಅಕ್ಷರಗಳಿದ್ದವು.

ಐನಾರ್ ಸ್ಕೋವ್‌ಬೋ. ಅದರ ಕೆಳಗೆ ಎರಡು ಇಸವಿ. ಅದರ ಕೆಳಗೆ, "ಎಲ್ಲದಕ್ಕೂ ಧನ್ಯವಾದ."

ಅವಳು ಹೆಸರನ್ನು ಇನ್ನೊಮ್ಮೆ ಓದಿದಳು.

"ಸಿಕ್ತಾ?" ಎಂದರು ಮೇಲಿನಿಂದ ಅತ್ತೆ.

"ಚಮಚ ಸಿಕ್ತು."

"ಮತ್ತೆ?"

"ಮಾವ ಸಿಕ್ಕಿದ್ರು."

ಮೇಲೆ ಲೋಟವನ್ನು ಕಲ್ಲಿನ ಮೇಲಿಟ್ಟ ಸದ್ದಾಯಿತು. ಅಷ್ಟು ಹತ್ತಿರದಿಂದ ಅದು ಬಾಗಿಲು ತಟ್ಟಿದಂತೆ ಕೇಳಿಸಿತು.

"ಹೊರಗೆ ಬಾ," ಎಂದರು ವಾಲ್‌ಬೋರ್.

ವಿಬೇಕೆ ಬರಲಿಲ್ಲ. ಅವಳಿಗೆ ಆಗಲೇ ಎಲ್ಲ ತಿಳಿದುಹೋಗಿತ್ತು. ಉಫೆ ಮನೆ ಬಿಟ್ಟ ಮರುತಿಂಗಳು, ನವೆಂಬರಿನಲ್ಲಿ, ಅವನ ಹೆಸರಿಗೆ ಸ್ಮಶಾನದ ಕಚೇರಿಯಿಂದ ಒಂದು ಲಕೋಟೆ ಬಂದಿತ್ತು. ಅತ್ತೆಯ ಕಣ್ಣಿನ ಆಪರೇಷನ್ ಆದಾಗಿನಿಂದ ಅವರ ಕಾಗದಪತ್ರವೆಲ್ಲ ಮಗನ ವಿಳಾಸಕ್ಕೇ ಬರುತ್ತಿದ್ದವು. ಅಷ್ಟು ದಿನ ಅವುಗಳನ್ನು ಒಡೆದು ಓದಿ ಉತ್ತರ ಬರೆಯುತ್ತಿದ್ದವಳು ವಿಬೇಕೆ. ಗಡುವು ಮುಗಿಯುತ್ತಿದೆ, ಜಾಗ ಉಳಿಯಬೇಕಾದರೆ ಮತ್ತೆ ಹಣ ಕಟ್ಟಿ ಎಂಬ ಕಾಗದ ಅದೇ ಆಗಿದ್ದಿರಬೇಕು. ಆ ಲಕೋಟೆಯನ್ನು ಅವಳು ಒಡೆಯಲಿಲ್ಲ. ಅವನ ಅಪ್ಪ, ಅವನೇ ನೋಡಿಕೊಳ್ಳಲಿ ಎಂದು ಅವನ ಹಳೆಯ ಬೂಟು, ಮೀನುಗಾರಿಕೆಯ ಪುಸ್ತಕಗಳ ಪೆಟ್ಟಿಗೆಗೆ ಹಾಕಿ ಅಂಟಿಸಿ ಗ್ಯಾರೇಜಿನಲ್ಲಿಟ್ಟಳು. ಉಫೆ ಪೆಟ್ಟಿಗೆಯನ್ನು ತೆಗೆದುಕೊಂಡು ಹೋದ. ಒಡೆಯುವ ಪೈಕಿಯವನಲ್ಲ. ಅದು ಅವಳಿಗೆ ಗೊತ್ತಿತ್ತು.

ಅವಳು ಕಲ್ಲಿನ ಕೆಳಗಿನಿಂದಲೇ ಇಷ್ಟನ್ನೂ ಹೇಳಿದಳು. ಅಲ್ಲಿ ಕತ್ತಲೆಯಿತ್ತು, ಹೇಳುವುದು ಸುಲಭವಾಯಿತು.

"ಗೊತ್ತು," ಎಂದರು ವಾಲ್‌ಬೋರ್. "ಮಾರ್ಚಿನಲ್ಲಿ ಒಂದು ಗುರುವಾರ ಹೋದೆ. ಪ್ರತಿ ಗುರುವಾರ ಹೋಗ್ತಿದ್ದೆನಲ್ಲ, ಎರಡೂವರೆಗೆ. ಕಲ್ಲಿಲ್ಲ, ಬೇಲಿ ಇಲ್ಲ, ಬರೀ ಜಲ್ಲಿ. ಬಾಚಿ ಬಿಟ್ಟಿದ್ರು. ಚೆನ್ನಾಗೇ ಬಾಚಿದ್ರು, ಸುಳ್ಳು ಹೇಳಬಾರದು. ಎಗೋನ್ ರಾಶಿಯಿಂದ ಕಲ್ಲು ಎತ್ತಿಟ್ಟಿದ್ದ. ಉಫೆನ ಕೇಳಿದೆ. ಆಗ ಪೆಟ್ಟಿಗೆ ಒಡೆದು ನೋಡಿ ಲಕೋಟೆ ವಿಷಯ ಹೇಳಿದ."

"ಹಾಗಾದ್ರೆ ಮೊದಲನೇ ದಿನಾನೇ ನಿಮಗೆ..."

"ನಿನಗೆ ಬೈಯೋಕೆ ಅಂತಾನೇ ಬಂದಿದ್ದು."

ವಿಬೇಕೆ ಹೊರಗೆ ತಲೆ ಹಾಕಿದಳು. ಕೂದಲಲ್ಲಿ ಜೇಡರ ಬಲೆ ಸಿಕ್ಕಿತ್ತು.

"ಬಯ್ಯಲಿಲ್ಲವಲ್ಲ."

"ಕೂರೋಕೆ ಜಾಗ ಎಲ್ಲಿತ್ತು? ಆ ಗಾಳೀಲಿ, ಆ ಡಬ್ಬಿಗಳ ಎದುರಿಗೆ? ನಿಂತ್ಕೊಂಡು ಬೈಯೋ ವಯಸ್ಸಲ್ಲ ನಂದು. ಉಫೆಗೆ ಅವರ ಮನೇಲಿ ನಿಂತ್ಕೊಂಡೇ ಬೈದೆ. ಆ ಹಲಗೆ ಕಟ್ಟೆ ಮೇಲೆ ನಾಲ್ಕು ಕಡೆನೂ ಬಯಲು. ಮಾತೆಲ್ಲ ಹುಲ್ಲಿನ ಮೇಲೆ ಹಾರಿಹೋಯ್ತು, ಅವನಿಗೆ ಒಂದೂ ತಾಗಲಿಲ್ಲ. ನಿನಗೆ ಹಾಗಾಗೋದು ಬೇಡ ಅಂತ ಇತ್ತು."

"ಮೂರು ತಿಂಗಳು ಅದಕ್ಕೇ ಕಾದ್ರಾ?"

"ಗಿಡ ಬೇರು ಹಿಡೀಬೇಕಲ್ಲ. ಈಗ ಜಾಗ ಸರಿಯಾಗಿದೆ. ಕುರ್ಚಿ ಮೇಲೆ ಕೂತ್ಕೋ. ಬೈತೀನಿ."

ವಿಬೇಕೆ ಎದ್ದು, ಮಂಡಿಯ ಮಣ್ಣು ಒರೆಸಿಕೊಂಡು ಕೂತಳು. ವಾಲ್‌ಬೋರ್ ಕೋಟಿನ ಗುಂಡಿ ಹಾಕಿಕೊಂಡರು.

"ಓದದೆ ಹಾಕಿದೆಯೋ, ಎಲ್ಲಿಂದ ಬಂದಿದೆ ಅಂತ ಓದಿ ಹಾಕಿದೆಯೋ?"

"ಓದಿ ಹಾಕಿದೆ."

"ನಾನು ನಿನ್ನ ಬಿಟ್ಟು ಹೋಗಿದ್ನಾ?"

"ಇಲ್ಲ."

"ಐನಾರ್ ಬಿಟ್ಟು ಹೋಗಿದ್ನಾ? ನಿನ್ನ ಮದುವೇಲಿ ಎದ್ದು ನಿಂತು ಎರಡು ಸಲ ಭಾಷಣ ಮಾಡಿದ ಮನುಷ್ಯ. ಮೊದಲನೇದು ಚೆನ್ನಾಗಿ ಬರಲಿಲ್ಲ, ಹುಡುಗಿಗೆ ಮೋಸ ಆಗಬಾರದು ಅಂತ ಮತ್ತೆ ಮೊದಲಿಂದ ಶುರು ಮಾಡಿದ. ಸೂಪು ತಣ್ಣಗಾಯ್ತು. ಯಾರಿಗಾದ್ರೂ ಹೇಳಿದ್ನಾ, ನನ್ನ ಮಗ ಮುಂದೆ ಕತ್ತೆ ಕೆಲಸ ಮಾಡಿದ್ರೆ ನನ್ನನ್ನ ಪೆಟ್ಟಿಗೇಲಿ ಬೂಟಿನ ಜೊತೆ ಹಾಕಿ ಅಂತ?"

"ಇಲ್ಲ."

"ಇಪ್ಪತ್ತು ವರ್ಷ ಆ ಬೇಲಿನ ನಾನು ಕತ್ತರೀಲಿ ಕತ್ತರಿಸಿದೀನಿ. ಮಿಷನ್ ಮುಟ್ಟಿಸಿಲ್ಲ. ಒಂದು ಮಾತು, ಒಂದೇ ಒಂದು ಮಾತು ನನಗೆ ಫೋನ್ ಮಾಡಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅವನ ಮೇಲಿನ ಸಿಟ್ಟು ನನ್ನ ಗುರುವಾರದ ಮೇಲೆ ತೀರಿಸಿದೆಯಲ್ಲೇ."

ಹೀಗೆ ಹತ್ತು ನಿಮಿಷ ಬೈದರು. ದನಿ ಏರಿಸಲಿಲ್ಲ. ಏರಿಸುವ ಅಗತ್ಯವೂ ಇರಲಿಲ್ಲ. ಬೆನ್ನಿಗೆ ಗೋಡೆ, ಪಕ್ಕಕ್ಕೆ ಹಲಗೆ, ಎದುರಿಗೆ ಬೇಲಿ. ಒಂದು ಅಕ್ಷರವೂ ಆಚೆ ಹೋಗಲಿಲ್ಲ. ವಿಬೇಕೆ ಉತ್ತರ ಕೊಡಬೇಕಾದ ಕಡೆ ಕೊಟ್ಟಳು. ಅಂಗೈ ಒದ್ದೆಯಾಯಿತು, ಬೆನ್ನು ಒದ್ದೆಯಾಯಿತು, ಆಮೇಲೆ ಕೆನ್ನೆಯೂ. ಏನು ಮಾಡುವುದೆಂದು ತೋಚದೆ ಲ್ಯಾವೆಂಡರ್ ಕಡ್ಡಿ ಕಿತ್ತು ಕಿವುಚುತ್ತ ಕೂತಳು. ಎದ್ದುಹೋಗಬೇಕೆಂದು ಮಾತ್ರ ಒಮ್ಮೆಯೂ ಅನಿಸಲಿಲ್ಲ. ಇದು ಅವಳಿಗೇ ವಿಚಿತ್ರವಾಗಿ ಕಂಡಿತು.

"ತಪ್ಪಾಯ್ತು ಅತ್ತೆ," ಎಂದಳು ಕೊನೆಗೆ. "ಬಹಳ ತಪ್ಪಾಯ್ತು."

"ಹೌದು."

"ಮುಗೀತಾ?"

ವಾಲ್‌ಬೋರ್ ಯೋಚಿಸಿದರು. "ಮುಗೀತು. ಆ ಬಿಸ್ಕತ್ತಿನ ಡಬ್ಬ ಈ ಕಡೆ ತಳ್ಳು."

ತಳ್ಳಿದಳು. ಇಬ್ಬರೂ ತಿಂದರು. ಬಳ್ಳಿಯ ಹೂವಿಗೆ ಒಂದು ದುಂಬಿ ಬಂದು, ಹೊಕ್ಕು, ಹೊರಗೆ ಬಂದು, ಪಕ್ಕದ್ದಕ್ಕೆ ಹೋಯಿತು. ವಿಬೇಕೆಗೆ ಕೇಳಲು ಹೆದರಿಕೆಯಾಗುತ್ತಿತ್ತು, ಆದರೂ ಕೇಳಿದಳು.

"ಇನ್ನು ಬರ್ತೀರಾ? ಬೈಯೋದು ಆಯ್ತಲ್ಲ."

"ಬರದೆ ಎಲ್ಲಿಗೆ ಹೋಗ್ಲಿ?" ಎಂದರು ವಾಲ್‌ಬೋರ್, ಕಲ್ಲಿನ ಮೇಲಿನ ಪುಡಿಯನ್ನು ಅಂಗೈಯಿಂದ ಒಂದೆಡೆ ಗುಡಿಸುತ್ತ. "ಅಲ್ಲಿ ಐನಾರ್ ಜಾಗದಲ್ಲಿ ಜೂನ್‌ನಿಂದ ಒಬ್ಬ ಹಲ್ಲಿನ ಡಾಕ್ಟರು ಬಂದು ಸೇರಿಕೊಂಡಿದಾರೆ."

ಕಲ್ಲನ್ನು ಮಗುಚಿ ಹೆಸರು ಮೇಲೆ ಬರುವಂತೆ ಇಡೋಣವೇ ಎಂದು ವಿಬೇಕೆ ಕೇಳಿದಳು. ಅಕ್ಷರಗಳ ಸಂದಿಯಲ್ಲಿ ಜಾಮು ಸೇರಿದರೆ ಇರುವೆ ಬರುತ್ತವೆ, ಬೇಡ ಎಂದರು ಅತ್ತೆ. ಚರ್ಚೆ ಅಲ್ಲಿಗೆ ಮುಗಿಯಿತು.

ಆಗಸ್ಟ್ ಮೊದಲ ವಾರ ಉಫೆಗೆ ತಾಯಿಯಿಂದ ಫೋನ್ ಹೋಯಿತು. ಗುರುವಾರ ಮೂರು ಗಂಟೆಗೆ ಇಂಥ ವಿಳಾಸಕ್ಕೆ ಬಾ, ಅಲ್ಲಿ ಎರಡೇ ಕುರ್ಚಿ ಇರುವುದು, ನಿನ್ನದು ನೀನು ತಾ ಎಂದಷ್ಟೇ ಹೇಳಿ ಇಟ್ಟರು. ಅವನು ಬಂದ. ಕಂಕುಳಲ್ಲಿ ಬಟ್ಟೆಯ ಮಡಚುಕುರ್ಚಿ, ಕೈಯಲ್ಲಿ ಪೇಸ್ಟ್ರಿಯ ಪೊಟ್ಟಣ. ಗಾಜಿನ ಬಾಗಿಲಲ್ಲಿ ನಿಂತು ಅಂಗಳ ನೋಡಿದ.

"ಚೆನ್ನಾಗಿದೆ ಕಣೇ," ಎಂದ, ಸ್ವಲ್ಪ ಆಶ್ಚರ್ಯದಿಂದ. "ನಮ್ಮಲ್ಲಿ ಅಷ್ಟು ದೊಡ್ಡ ಕಟ್ಟೆ ಇದೆ, ಒಬ್ಬರೂ ಕೂರಲ್ಲ. ಎಲ್ಲ ಬಂದು ಅಡುಗೆಮನೇಲಿ ನಿಲ್ತಾರೆ."

"ಕೂತ್ಕೋ," ಎಂದರು ತಾಯಿ.

ಅವನು ಕುರ್ಚಿಯನ್ನು ನಡುಮಧ್ಯ ಬಿಚ್ಚಿದ. ತಾಯಿ ಬೆರಳಿನಿಂದ ಜಾಗ ತೋರಿಸಿದರು. ಗೋಡೆಯ ಕಡೆಗೆ ಸರಿಸಿಕೊಂಡು ಕೂತು, ಕಾಲು ಚಾಚಿ, ಪೊಟ್ಟಣವನ್ನು ಕಲ್ಲಿನ ಮೇಲಿಟ್ಟ. "ಟೇಬಲ್ ಭರ್ಜರಿಯಾಗಿದೆ. ಎಲ್ಲಿ ಸಿಕ್ತು?"

ಅತ್ತೆ ಸೊಸೆ ಮುಖ ಮುಖ ನೋಡಿಕೊಳ್ಳಲಿಲ್ಲ.

"ಕಾಫಿ ಇಡ್ತೀನಿ," ಎಂದು ವಿಬೇಕೆ ಎದ್ದು ಒಳಗೆ ಹೋಗಿ, ಹಿಂದೆ ಗಾಜಿನ ಬಾಗಿಲು ಎಳೆದುಕೊಂಡಳು. ಕೆಟಲು ಕುದಿಯಿತು, ಆರಿತು. ಮತ್ತೆ ಕುದಿಸಿದಳು. ಗಾಜಿನ ಆಚೆ ವಾಲ್‌ಬೋರ್ ಕೋಟಿನ ಗುಂಡಿ ಹಾಕಿಕೊಂಡು ಮಾತಾಡುತ್ತಿದ್ದರು. ಉಫೆ ಮೊದಲು ಕಾಲು ಹಿಂದಕ್ಕೆಳೆದುಕೊಂಡ. ಆಮೇಲೆ ಕುರ್ಚಿಯಿಂದಿಳಿದು ಮಂಡಿಯೂರಿ ಕಲ್ಲಿನ ಕೆಳಗೆ ತಲೆ ಹಾಕಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಅವನ ಷರಟಿನ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಒಂದೆರಡು ಸಲ ಅಲುಗಿತು. ತಾಯಿ ಕೈ ಚಾಚಿ ಆ ಬೆನ್ನಿನ ಮೇಲೆ ಇಟ್ಟರು, ಆದರೆ ಬೈಯುವುದನ್ನು ನಿಲ್ಲಿಸಲಿಲ್ಲ. ಬಾಯಿ ಆಡುತ್ತಲೇ ಇತ್ತು.

ತಾಯಿಯ ಬಾಯಿ ನಿಂತ ಮೇಲೆ ವಿಬೇಕೆ ಕಾಫಿ ತೆಗೆದುಕೊಂಡು ಹೋದಳು. ಮೂವರೂ ಪೇಸ್ಟ್ರಿ ತಿಂದರು. ಗಾಳಿ ಹಲಗೆಯ ಸಂದಿಯಿಂದ ಸುಸ್ತಾಗಿ ಬರುತ್ತಿತ್ತು. ಉಫೆ ಐದೂವರೆಯವರೆಗೆ ಕೂತಿದ್ದ. ಹೊರಡುವಾಗ ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ, ಮತ್ತೆ ಯಾಕೋ ನಿಂತ.

"ಇದನ್ನ ಇಲ್ಲೇ ಬಿಟ್ಟು ಹೋಗ್ಲಾ?" ಎಂದು ವಿಬೇಕೆಯನ್ನು ಕೇಳಿದ.

"ಬೇಡ," ಎಂದಳು. "ಬರುವಾಗ ತಗೊಂಡು ಬಾ."